ಬಾಯಿಯ ಏಡಿಗಂತಿ: ವೈರಸ್ಸೂ ಅದರ ಕುರುಹುಗಳೂ

ಇಬ್ಬರು ರೋಗಿಗಳನ್ನು ಕಲ್ಪಿಸಿಕೊಳ್ಳೋಣ. ಇಬ್ಬರಿಗೂ ಗಂಟಲಿನ ಬಾಗಿಲಿನಲ್ಲಿರುವ ಟಾನ್ಸಿಲ್ ಗ್ರಂಥಿಯ ಮೇಲೆ ಗಡ್ಡೆಯೊಂದು ಎದ್ದಿದೆ. ಗಡ್ಡೆಗಳ ಗಾತ್ರ ಒಂದೇ. ಕುತ್ತಿಗೆಯ ದುಗ್ಧರಸ ಗ್ರಂಥಿಗಳಿಗೆ ಅವು ಹಬ್ಬಿರುವ ಮಟ್ಟವೂ ಒಂದೇ. ಗಡ್ಡೆಯ ಚೂರನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದ ವೈದ್ಯರು ಎರಡು ರೋಗಗಳಿಗೂ ಒಂದೇ ಹೆಸರನ್ನು ಬರೆಯುತ್ತಾರೆ. ಇಬ್ಬರಿಗೂ ದೊರೆಯುವ ಚಿಕಿತ್ಸೆಯೂ ಒಂದೇ. ಆದರೆ ಇಂತಹ ರೋಗಿಗಳನ್ನು ನೂರಾರು ಸಂಖ್ಯೆಯಲ್ಲಿ ಸೇರಿಸಿ, ಹಲವು ವರ್ಷಗಳ ಕಾಲ ಗಮನಿಸಿದಾಗ, ಅವರು ಎರಡು ಗುಂಪುಗಳಾಗಿ ಬೇರ್ಪಡುವುದು ಕಂಡುಬಂದಿತು. ಒಂದು ಗುಂಪಿನಲ್ಲಿ ಬಹುಮಂದಿ ಬದುಕಿ ಉಳಿದರು. ಇನ್ನೊಂದರಲ್ಲಿ ಅರ್ಧದ ಸಮೀಪದಷ್ಟು ಜನ ಕೆಲವೇ ವರ್ಷಗಳಲ್ಲಿ ಮಡಿದರು. ಈ ಭೇದಕ್ಕೆ ಕಾರಣವೇನು? ಅದನ್ನು ಮೊದಲೇ ತಿಳಿಯುವ ಉಪಾಯವುಂಟೆ? ತಿಳಿದುದರಿಂದ ರೋಗಿಗೆ ಆಗುವ ಪ್ರಯೋಜನವೇನು? ಈ ಮೂರು ಪ್ರಶ್ನೆಗಳನ್ನು ಇಲ್ಲಿ ಒಂದೊಂದಾಗಿ ವಿಚಾರಮಾಡೋಣ. ಮೂರನೆಯ ಪ್ರಶ್ನೆಗೆ ಉತ್ತರವು ನಾವು ನಿರೀಕ್ಷಿಸುವಷ್ಟು ಸರಳವಲ್ಲವೆಂಬುದನ್ನು ಮುಂದೆ ನೋಡುವೆವು.

ಕ್ಯಾನ್ಸರ್ ಎಂಬ ಮಾತಿಗೆ ಏಡಿ ಎಂದು ಅರ್ಥ. ಗಡ್ಡೆಯಿಂದ ಸುತ್ತಲೂ ಹರಿದ ರಕ್ತನಾಳಗಳು ಏಡಿಯ ಕಾಲುಗಳಂತೆ ಕಂಡುದರಿಂದ ಪ್ರಾಚೀನ ಗ್ರೀಕರು ಈ ಹೆಸರನ್ನು ಕೊಟ್ಟರು. ಕನ್ನಡದಲ್ಲಿ ಏಡಿಗಂತಿ ಎಂಬ ಹೆಸರು ಬಂದುದೂ ಇದರಿಂದಲೇ. ದೇಹದ ಜೀವಕೋಶಗಳು ಕಟ್ಟುಪಾಡನ್ನು ಮೀರಿ, ಬೇಡವಾದಾಗಲೂ ಇಬ್ಭಾಗವಾಗುತ್ತ, ನೆರೆಯ ಅಂಗಗಳೊಳಕ್ಕೆ ನುಗ್ಗುವುದೇ ಈ ರೋಗದ ಸ್ವರೂಪ.

ಬಾಯಿ ಎಂದರೆ ಎಲ್ಲಿಯವರೆಗೆ?

ಮಾತಿನಲ್ಲಿ ನಾವು ಬಾಯಿ ಎಂದು ಕರೆಯುವ ಜಾಗವನ್ನು ವೈದ್ಯರು ಎರಡು ಭಾಗಗಳಾಗಿ ವಿಂಗಡಿಸುತ್ತಾರೆ. ತುಟಿ, ಕೆನ್ನೆಯ ಒಳಮೈ, ವಸಡು, ನಾಲಗೆಯ ಮುಂದಿನ ಮೂರನೆಯ ಎರಡು ಪಾಲು, ನಾಲಗೆಯ ಕೆಳಗಣ ನೆಲ, ಗಟ್ಟಿಯಾದ ಅಂಗುಳ—ಇವು ಮೊದಲನೆಯ ಭಾಗ. ಇದೇ ನಿಜವಾದ ಬಾಯಿ. ಅದರ ಹಿಂದೆ, ಟಾನ್ಸಿಲ್ ಗ್ರಂಥಿಗಳು, ನಾಲಗೆಯ ಬುಡ, ಮೆತ್ತನೆಯ ಅಂಗುಳ, ಗಂಟಲಿನ ಹಿಂಗೋಡೆ—ಇವು ಎರಡನೆಯ ಭಾಗ. ಇದನ್ನು ಬಾಯ್ಗಂಟಲು ಎಂದು ಕರೆಯೋಣ. ಇವೆರಡಕ್ಕೂ ನಡುವೆ ಗೋಡೆಯಿಲ್ಲ. ಕನ್ನಡಿಯ ಮುಂದೆ ಬಾಯಿ ತೆರೆದು ನಿಂತರೆ ಒಂದು ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಮೊದಲಾಯಿತು ಎಂದು ಗುರುತಿಸುವುದು ಸುಲಭವಲ್ಲ. ಆದರೂ ಈ ಗಡಿಯನ್ನು ವಾಚಕರು ನೆನಪಿನಲ್ಲಿಡಬೇಕು. ಈ ಲೇಖನದ ತಿರುಳೆಲ್ಲ ಈ ಗಡಿಯನ್ನೇ ಅವಲಂಬಿಸಿದೆ.

ಹಳೆಯ ವೈರಿ: ಹೊಗೆಸೊಪ್ಪು ಮತ್ತು ಅಡಕೆ

ಭಾರತದಲ್ಲಿ ಗಂಡಸರಿಗೆ ಬರುವ ಕ್ಯಾನ್ಸರುಗಳಲ್ಲಿ ಬಾಯಿಯದೇ ಮೊದಲನೆಯ ಸ್ಥಾನದಲ್ಲಿದೆ. ಅದರ ಕಾರಣವನ್ನು ಹುಡುಕಲು ಹೆಚ್ಚು ದೂರ ಹೋಗಬೇಕಾಗಿಲ್ಲ. ದಕ್ಷಿಣ ತಿರುವಾಂಕೂರಿನ ನೆಯ್ಯೂರಿನಲ್ಲಿದ್ದ ಓರ್ ಎಂಬ ವೈದ್ಯರು, ಎಲೆಯಡಕೆ ಅಗಿಯುವವರಲ್ಲಿ ಕಾಣುವ ಬಾಯಿಯ ಕ್ಯಾನ್ಸರಿನ ವಿಚಾರವಾಗಿ ೧೯೩೩ರಲ್ಲಿಯೇ ಬರೆದರು. ಮುಂಬಯಿಯಲ್ಲಿ ಸಂಘ್ವಿ, ರಾವ್ ಮತ್ತು ಖಾನೋಲ್ಕರ್ ಅವರು ಹೊಗೆಸೊಪ್ಪನ್ನು ಸೇದುವುದಕ್ಕೂ ಅಗಿಯುವುದಕ್ಕೂ ಬಾಯಿ ಮತ್ತು ಗಂಟಲಿನ ಕ್ಯಾನ್ಸರಿಗೂ ಇರುವ ಸಂಬಂಧವನ್ನು ೧೯೫೫ರಲ್ಲಿ ಲೆಕ್ಕಾಚಾರದಿಂದ ತೋರಿಸಿದರು. ಎಲೆಯಡಕೆಯನ್ನು ದವಡೆಯ ಯಾವ ಮೂಲೆಯಲ್ಲಿ ಒತ್ತರಿಸಿಟ್ಟುಕೊಳ್ಳುವರೋ ಆ ಮೂಲೆಯ ಕೆನ್ನೆ ಮತ್ತು ವಸಡುಗಳಲ್ಲಿಯೇ ಗಡ್ಡೆ ಹುಟ್ಟುವುದು ನಮ್ಮ ದೇಶದಲ್ಲಿ ಹೆಚ್ಚು.

ಹೊಗೆಸೊಪ್ಪಿಲ್ಲದ ಬರಿಯ ಅಡಕೆ ನಿರಪಾಯವೆಂದು ಬಹುಕಾಲ ಜನ ನಂಬಿದ್ದರು. ಫ್ರಾನ್ಸಿನ ಲಿಯಾನ್ ನಗರದಲ್ಲಿರುವ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ೨೦೦೪ರಲ್ಲಿ ಪ್ರಕಟಿಸಿದ ತೀರ್ಮಾನದಲ್ಲಿ ಅಡಕೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲನೆಯ ವರ್ಗಕ್ಕೆ ಸೇರಿಸಿತು. ದೇಶದಲ್ಲಿಯೇ ಅತಿ ಹೆಚ್ಚು ಅಡಕೆ ಬೆಳೆಯುವ ಕರ್ನಾಟಕಕ್ಕೆ ಇದು ಹಿತವಾದ ಮಾತಲ್ಲ. ಆದರೆ ಅಪ್ರಿಯವಾದ ಮಾತ್ರಕ್ಕೆ ಸತ್ಯವು ಸುಳ್ಳಾಗುವುದಿಲ್ಲ. ಅಡಕೆ ಅಗಿಯುವವರಲ್ಲಿ ಕೆನ್ನೆಯ ಒಳಪದರ ನಾರುಗಟ್ಟಿ ಬಿಗಿದುಕೊಂಡು, ಬಾಯಿ ದಿನದಿನಕ್ಕೆ ಕಡಮೆ ತೆರೆಯುವ ರೋಗವೊಂದುಂಟು. ಅದು ಕ್ಯಾನ್ಸರಿಗೆ ಮುನ್ನುಡಿಯಾಗಬಲ್ಲುದು.

ಈ ವಸ್ತುಗಳು ಮಾಡುವ ಕೆಡುಕೇನು? ಅವುಗಳಲ್ಲಿರುವ ರಾಸಾಯನಿಕಗಳು ಜೀವಕೋಶದ ಕೇಂದ್ರದಲ್ಲಿರುವ ಡಿ.ಎನ್.ಎ. ಎಳೆಗಳನ್ನು ಗಾಯಗೊಳಿಸುತ್ತವೆ. ಜೀವಕೋಶ ಹೇಗೆ ನಡೆದುಕೊಳ್ಳಬೇಕೆಂಬ ಶಾಸನವೆಲ್ಲ ಆ ಎಳೆಗಳಲ್ಲಿ ಬರೆದಿದೆ. ವರ್ಷಾನುಗಟ್ಟಲೆ ಗಾಯದ ಮೇಲೆ ಗಾಯವಾಗಿ, ಶಾಸನದ ಅಕ್ಷರಗಳು ಅಲ್ಲಲ್ಲಿ ತಪ್ಪಾಗಿಹೋಗುತ್ತವೆ. ಇಂತಹ ತಪ್ಪುಗಳಲ್ಲಿ ಅತಿ ಮುಖ್ಯವಾದುದು ಪಿ-೫೩ ಎಂಬ ಪ್ರೋಟೀನಿನ ಜೀನಿನಲ್ಲಿ ಆಗುವ ತಪ್ಪು. ೧೯೭೯ರಲ್ಲಿ ಪತ್ತೆಯಾದ ಈ ಪ್ರೋಟೀನು ಜೀವಕೋಶದ ಕಾವಲುಗಾರನಂತೆ. ಡಿ.ಎನ್.ಎ.ಗೆ ಗಾಯವಾದರೆ ಅದು ಕೋಶದ ವಿಭಜನೆಯನ್ನು ತಡೆದು, ರಿಪೇರಿಗೆ ಸಮಯ ಕೊಡುತ್ತದೆ. ರಿಪೇರಿ ಸಾಧ್ಯವಾಗದಿದ್ದರೆ ಆ ಕೋಶವೇ ಸಾಯುವಂತೆ ಮಾಡುತ್ತದೆ. ಕಾವಲುಗಾರನು ಕೆಟ್ಟನೆಂದರೆ ಮಿಕ್ಕ ಕೆಡುಕುಗಳಿಗೆ ಬಾಗಿಲು ತೆರೆದಂತೆಯೆ.

ಹೊಸ ವೈರಿ: ವೈರಸ್ಸು

ಕ್ಯಾನ್ಸರಿಗೆ ವೈರಸ್ಸೂ ಕಾರಣವಾಗಬಲ್ಲುದೆಂಬ ವಿಚಾರ ಹೊಸದಲ್ಲ. ಅಮೆರಿಕದ ಪೇಟನ್ ರೌಸ್ ಅವರು ಕೋಳಿಯ ಗಡ್ಡೆಯೊಂದನ್ನು ಅರೆದು, ಜೀವಕೋಶಗಳಾಗಲಿ ಬ್ಯಾಕ್ಟೀರಿಯಗಳಾಗಲಿ ನುಸುಳಲಾರದಷ್ಟು ಸೂಕ್ಷ್ಮವಾದ ಶೋಧಕದಲ್ಲಿ ಸೋಸಿ, ಆ ರಸವನ್ನು ಬೇರೆ ಕೋಳಿಗಳಿಗೆ ಚುಚ್ಚಿದಾಗ ಅವುಗಳಿಗೂ ಗಡ್ಡೆ ಹುಟ್ಟಿತು. ಇದು ೧೯೧೧ರಲ್ಲಿ ಪ್ರಕಟವಾದ ಸಂಗತಿ. ವಿದ್ವಾಂಸರಲ್ಲಿ ಬಹುಮಂದಿ ಇದನ್ನು ಕೋಳಿಗಳ ವಿಚಿತ್ರವೆಂದು ಬದಿಗಿರಿಸಿದರು. ರೌಸ್ ಅವರಿಗೆ ನೊಬೆಲ್ ಪಾರಿತೋಷಕ ಬಂದುದು ೫೫ ವರ್ಷಗಳ ತರುವಾಯ, ೧೯೬೬ರಲ್ಲಿ. ಈ ನಡುವೆ, ೧೯೩೩ರಲ್ಲಿ, ರಿಚರ್ಡ್ ಶೋಪ್ ಅವರು ಕಾಡುಮೊಲಗಳ ಚರ್ಮದ ಮೇಲೇಳುವ ಗಂಟುಗಳಿಗೆ ವೈರಸ್ಸೊಂದು ಕಾರಣವೆಂದು ತೋರಿಸಿದ್ದರು.

ಮೊಲಗಳ ಆ ವೈರಸ್ಸಿನ ದಾಯಾದಿಗಳು ಮನುಷ್ಯನಲ್ಲಿಯೂ ಇವೆ. ಅವಕ್ಕೆ ಮಾನವ ಪ್ಯಾಪಿಲೋಮ ವೈರಸ್ಸುಗಳೆಂದು, ಸಂಕ್ಷೇಪವಾಗಿ ಎಚ್.ಪಿ.ವಿ. ಎಂದು ಹೆಸರು. ಇವುಗಳಲ್ಲಿ ೨೦೦ಕ್ಕಿಂತ ಹೆಚ್ಚು ಬಗೆಗಳುಂಟು. ಹೆಚ್ಚಿನವು ನಿರುಪದ್ರವಿಗಳು, ಕೆಲವು ಕೈಕಾಲುಗಳ ಮೇಲೆ ನರುಳ್ಳೆಗಳನ್ನು ಎಬ್ಬಿಸುತ್ತವೆ, ಕೆಲವೇ ಕೆಲವು ಕ್ಯಾನ್ಸರನ್ನು ಉಂಟುಮಾಡುತ್ತವೆ. ಜರ್ಮನಿಯ ಹರಾಲ್ಡ್ ಟ್ಸುರ್ ಹೌಸೆನ್ ಅವರ ತಂಡವು ೧೯೮೩ರಲ್ಲಿ ೧೬ನೆಯ ಬಗೆಯನ್ನೂ ಮರುವರ್ಷ ೧೮ನೆಯ ಬಗೆಯನ್ನೂ ಗರ್ಭಕೋಶದ ಕೊರಳಿನ ಕ್ಯಾನ್ಸರಿನಲ್ಲಿ ಪತ್ತೆಹಚ್ಚಿತು. ೨೦೦೮ರಲ್ಲಿ ಅವರಿಗೂ ನೊಬೆಲ್ ಪಾರಿತೋಷಕ ಬಂದಿತು. ಬಾಯಿಯ ಕೆಲವು ಕ್ಯಾನ್ಸರುಗಳಲ್ಲಿಯೂ ಈ ವೈರಸ್ಸಿನ ಪಾತ್ರವಿರಬಹುದೆಂದು ಫಿನ್‌ಲೆಂಡಿನ ಸಿರ್‌ಯಾನೆನ್ ಮತ್ತು ಸಂಗಡಿಗರು ೧೯೮೩ರಲ್ಲಿಯೇ ಸೂಚಿಸಿದ್ದರು.

ಈ ಸೂಚನೆಗೆ ಬಲವಾದ ಆಧಾರವನ್ನು ಒದಗಿಸಿದವರು ಅಮೆರಿಕದ ಬಾಲ್ಟಿಮೋರಿನ ಮೌರಾ ಗಿಲಿಸನ್ ಮತ್ತು ಸಹೋದ್ಯೋಗಿಗಳು. ೨೦೦೦ದಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ತಲೆ ಮತ್ತು ಕುತ್ತಿಗೆಯ ಕ್ಯಾನ್ಸರಿನ ೨೫೩ ರೋಗಿಗಳ ಪೈಕಿ ೬೨ ಮಂದಿಯ ಗಡ್ಡೆಗಳಲ್ಲಿ ವೈರಸ್ಸು ಸಿಕ್ಕಿತು. ಅದರಲ್ಲಿ ೧೦ಕ್ಕೆ ೯ ಪಾಲು ೧೬ನೆಯ ಬಗೆ. ಈ ಗಡ್ಡೆಗಳು ವಿಶೇಷವಾಗಿ ನೆಲೆಸಿದ್ದುದು ಬಾಯ್ಗಂಟಲಿನಲ್ಲಿ. ವೈರಸ್ಸಿದ್ದ ರೋಗಿಗಳು ವೈರಸ್ಸಿಲ್ಲದವರಿಗಿಂತ ಹೆಚ್ಚು ಕಾಲ ಬದುಕಿದರು. ಆ ದೇಶದಲ್ಲಿ ಇದು ಬೆಳೆಯುತ್ತಿರುವ ರೋಗವೂ ಹೌದು: ಹಳೆಯ ಗಡ್ಡೆಗಳ ಕಾಪಿಟ್ಟ ಚೂರುಗಳನ್ನು ಪರೀಕ್ಷಿಸಿ ನೋಡಿದಾಗ, ೧೯೮೪–೮೯ರ ಅವಧಿಯಲ್ಲಿ ಬಾಯ್ಗಂಟಲಿನ ಕ್ಯಾನ್ಸರುಗಳಲ್ಲಿ ನೂರಕ್ಕೆ ಸುಮಾರು ೧೬ರಲ್ಲಿದ್ದ ವೈರಸ್ಸು, ೨೦೦೦–೦೪ರ ಅವಧಿಗೆ ಸುಮಾರು ೭೨ರಲ್ಲಿ ಕಾಣಿಸಿತು.

ಬಾಯ್ಗಂಟಲೇ ಏಕೆ? ಟಾನ್ಸಿಲ್ ಗ್ರಂಥಿಯ ಮೇಲ್ಮೈ ನುಣುಪಾಗಿಲ್ಲ. ಆಳವಾದ ಸಂದುಗಳಿಂದ ಕೂಡಿದೆ. ಈ ಸಂದುಗಳ ಒಳಪದರ ಅಲ್ಲಲ್ಲಿ ಜಾಲರಿಯಂತೆ ತೆಳುವಾಗಿದ್ದು, ವೈರಸ್ಸಿಗೆ ಬೇಕಾದ ತಳದ ಕೋಶಗಳು ಸುಲಭವಾಗಿ ಎಟುಕುತ್ತವೆ. ಕೆನ್ನೆಯ ಒಳಮೈಯಾದರೋ ಹಲವು ಪದರಗಳ ದಪ್ಪ ಹೊದಿಕೆಯಿಂದ ರಕ್ಷಿತವಾಗಿದೆ.

ತೂಬು ಒಡೆದ ಕೆರೆ

ವೈರಸ್ಸು ಕೋಶವನ್ನು ಕೆಡಿಸುವ ರೀತಿಯನ್ನು ತಿಳಿಯಲು ನಮ್ಮ ಊರಿನ ಕೆರೆಯೊಂದನ್ನು ನೆನೆಯೋಣ. ಕೆರೆಯ ಏರಿಯಲ್ಲಿ ತೂಬು ಇದೆ. ತೂಬಿನ ಬಾಗಿಲು ಮುಚ್ಚಿರುವವರೆಗೆ ನೀರು ಹೊರಕ್ಕೆ ಹರಿಯದು. ಜೀವಕೋಶದಲ್ಲಿ ವಿಭಜನೆಯೆಂಬ ಪ್ರವಾಹವನ್ನು ತಡೆದಿರುವ ಬಾಗಿಲು ಆರ್.ಬಿ. ಎಂಬ ಪ್ರೋಟೀನು. ಕಾಲ ಬಂದಾಗ ಈ ಬಾಗಿಲನ್ನು ಎತ್ತುವ ಕೈಗಳಂತಿರುವ ಕಿಣ್ವಗಳುಂಟು. ಅಕಾಲದಲ್ಲಿ ಬಾಗಿಲನ್ನು ಎತ್ತಹೋದರೆ ಆ ಕೈಗಳನ್ನು ಹಿಡಿದು ನಿಲ್ಲಿಸುವ ನೀರುಗಂಟಿಯೂ ಒಬ್ಬನಿದ್ದಾನೆ. ಆ ನೀರುಗಂಟಿಯ ಹೆಸರೇ ಪಿ-೧೬. ೧೯೯೩ರಲ್ಲಿ ವರ್ಣಿತವಾದ ಈ ಪ್ರೋಟೀನಿನ ತೂಕ ಜಲಜನಕದ ಪರಮಾಣುವಿಗಿಂತ ಸುಮಾರು ೧೬,೦೦೦ ಪಟ್ಟು. ಆದುದರಿಂದಲೇ ಆ ಸಂಖ್ಯೆ.

ಎಚ್.ಪಿ.ವಿ. ವೈರಸ್ಸಿನ ಸಂಪತ್ತು ಅತ್ಯಲ್ಪ: ಸುಮಾರು ೮,೦೦೦ ಅಕ್ಷರಗಳ ಡಿ.ಎನ್.ಎ., ಅದರಲ್ಲಿ ಎಂಟು ಜೀನುಗಳ ಆಸುಪಾಸು. ಕ್ಯಾನ್ಸರಿನ ವಿಷಯದಲ್ಲಿ ಮುಖ್ಯವಾದವು ಎರಡೇ. ಅವು ತಯಾರಿಸುವ ಪ್ರೋಟೀನುಗಳನ್ನು ಇ-೬, ಇ-೭ ಎಂದು ಕರೆಯುತ್ತಾರೆ. ಇ-೭ ಪ್ರೋಟೀನು ನೇರವಾಗಿ ಆರ್.ಬಿ. ಎಂಬ ತೂಬಿನ ಬಾಗಿಲನ್ನೇ ಹಿಡಿದು ಕಿತ್ತುಹಾಕುತ್ತದೆ. ಇ-೬ ಪ್ರೋಟೀನು ಪಿ-೫೩ ಎಂಬ ಕಾವಲುಗಾರನನ್ನು ಕೋಶದ ಕಸ ವಿಲೇವಾರಿ ವ್ಯವಸ್ಥೆಗೆ ಒಪ್ಪಿಸಿ ನಾಶಮಾಡಿಸುತ್ತದೆ. ಬಾಗಿಲೂ ಹೋಯಿತು, ಕಾವಲೂ ಹೋಯಿತು, ಪ್ರವಾಹ ನುಗ್ಗಿತು.

ಇಲ್ಲಿ ಒಂದು ಸ್ವಾರಸ್ಯವುಂಟು. ಆರ್.ಬಿ. ಸರಿಯಾಗಿರುವಾಗ ಪಿ-೧೬ರ ತಯಾರಿಕೆಯನ್ನು ಅದು ಮಿತವಾಗಿ ಇರಿಸಿರುತ್ತದೆ. ಬಾಗಿಲು ಒಡೆದುಹೋದಾಗ ಈ ಮಿತಿ ತಪ್ಪಿ, ಪಿ-೧೬ ರಾಶಿರಾಶಿಯಾಗಿ ತಯಾರಾಗುತ್ತದೆ. ಏರಿಯ ಮೇಲೆ ನೀರುಗಂಟಿಗಳ ಗುಂಪು ಕೂಗಾಡುತ್ತ ನಿಂತಂತೆ; ಆದರೆ ಬಾಗಿಲೇ ಇಲ್ಲದಿರುವಾಗ ಯಾರ ಕೈಯನ್ನು ಹಿಡಿದು ಫಲವೇನು? ದೂರದಿಂದ ನೋಡುವ ದಾರಿಹೋಕನಿಗಾದರೋ ಆ ಗುಂಪೇ ಸುದ್ದಿ: ತೂಬು ಒಡೆದಿದೆ! ಪಿ-೧೬ ಕುರುಹಾಗಿರುವುದು ಹೀಗೆ. ಗಡ್ಡೆಯ ಚೂರಿಗೆ ಪಿ-೧೬ನ್ನು ಹುಡುಕಿ ಅಂಟಿಕೊಳ್ಳುವ ಪ್ರತಿಕಾಯವನ್ನು ಹಾಕಿ ಬಣ್ಣ ಕಟ್ಟಿಸುತ್ತಾರೆ. ನೂರಕ್ಕೆ ೭೦ ಅಥವಾ ಹೆಚ್ಚು ಕೋಶಗಳು ಗಾಢವಾಗಿ ಬಣ್ಣ ತಾಳಿದರೆ ಕುರುಹು ಇದೆಯೆಂದು ಬರೆಯುತ್ತಾರೆ. ಇದು ಅಗ್ಗದ, ಸುಲಭವಾದ ಪರೀಕ್ಷೆ.

ಹೊಗೆಸೊಪ್ಪಿನ ಕ್ಯಾನ್ಸರಿನಲ್ಲಿ ಚಿತ್ರ ಬೇರೆ. ಅಲ್ಲಿ ಪಿ-೧೬ರ ಜೀನು ಎಷ್ಟೋ ವೇಳೆ ಅಳಿಸಿಹೋಗಿರುತ್ತದೆ ಅಥವಾ ಮೂಕವಾಗಿರುತ್ತದೆ. ನೀರುಗಂಟಿಯೇ ಇಲ್ಲದ ಕೆರೆಯಂತೆ. ಪಿ-೫೩ರ ಜೀನೂ ಹಲವರಲ್ಲಿ ಕೆಟ್ಟಿರುತ್ತದೆ. ತಲೆ ಮತ್ತು ಕುತ್ತಿಗೆಯ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ ಪಡೆದ ೪೨೦ ಮಂದಿಯ ಗಡ್ಡೆಗಳನ್ನು ಪರೀಕ್ಷಿಸಿದ, ೨೦೦೭ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ೨೨೪ ಗಡ್ಡೆಗಳಲ್ಲಿ ಈ ಜೀನು ಕೆಟ್ಟಿತ್ತು. ಅಂಥವರು ಮಿಕ್ಕವರಷ್ಟು ಕಾಲ ಬದುಕಲಿಲ್ಲ.

ಬದುಕಿ ಉಳಿದವರ ಲೆಕ್ಕ

ಬಾಯ್ಗಂಟಲಿನ ರೋಗಿಗಳಲ್ಲಿ ವೈರಸ್ಸಿನ ಇರುವಿಕೆ ಎಷ್ಟು ಭೇದವನ್ನುಂಟುಮಾಡುತ್ತದೆ? ಅಮೆರಿಕದಲ್ಲಿ ಕಿಯಾನ್ ಆಂಗ್ ಮತ್ತು ಸಂಗಡಿಗರು ೨೦೧೦ರಲ್ಲಿ ಪ್ರಕಟಿಸಿದ ಅಂಕಿಗಳು ಈಗ ಪ್ರಸಿದ್ಧವಾಗಿವೆ. ವಿಕಿರಣ ಮತ್ತು ಔಷಧ ಎರಡನ್ನೂ ಪಡೆದ ೩೨೩ ರೋಗಿಗಳ ಗಡ್ಡೆಗಳನ್ನು ಪರೀಕ್ಷಿಸಿದಾಗ ೨೦೬ರಲ್ಲಿ ವೈರಸ್ಸಿತ್ತು. ಮೂರು ವರ್ಷಗಳ ಕೊನೆಗೆ ವೈರಸ್ಸಿದ್ದವರಲ್ಲಿ ನೂರಕ್ಕೆ ೮೨.೪ ಮಂದಿ ಬದುಕಿದ್ದರು, ಇಲ್ಲದವರಲ್ಲಿ ೫೭.೧ ಮಂದಿ. ಲೇಖನದ ಮೊದಲಿನಲ್ಲಿ ಹೇಳಿದ ಎರಡು ಗುಂಪುಗಳ ಗುಟ್ಟು ಇದೇ. ಹೆಸರು ಒಂದಾದರೂ ರೋಗಗಳು ಎರಡು.

ರೋಗಕ್ಕೆ ಕಾರಣವಾದ ವೈರಸ್ಸೇ ರೋಗಿಯ ಭಾಗ್ಯಕ್ಕೂ ಕಾರಣವಾಗುವುದು ವಿಚಿತ್ರವಲ್ಲವೆ? ವಿಚಾರಮಾಡಿದರೆ ಅಷ್ಟು ವಿಚಿತ್ರವಲ್ಲ. ಮೊದಲನೆಯದಾಗಿ, ವೈರಸ್ಸು ಪಿ-೫೩ ಪ್ರೋಟೀನನ್ನು ನಾಶಮಾಡುತ್ತದೆಯೆ ಹೊರತು ಅದರ ಜೀನನ್ನು ಕೆಡಿಸುವುದಿಲ್ಲ. ಕಾವಲುಗಾರನ ಮನೆ ಅಲ್ಲಿ ಉಳಿದಿರುತ್ತದೆ. ಎರಡನೆಯದಾಗಿ, ಇಂತಹ ಕೋಶಗಳು ವಿಕಿರಣದಿಂದಾದ ಗಾಯಗಳನ್ನು ಚೆನ್ನಾಗಿ ರಿಪೇರಿ ಮಾಡಿಕೊಳ್ಳಲಾರವು. ಆದುದರಿಂದ ಚಿಕಿತ್ಸೆಗೆ ಬೇಗ ಬಗ್ಗುತ್ತವೆ. ಮೂರನೆಯದಾಗಿ, ಇ-೬ ಮತ್ತು ಇ-೭ ದೇಹಕ್ಕೆ ಪರಕೀಯ ವಸ್ತುಗಳು. ದೇಹದ ರಕ್ಷಣಾದಳ ಅವುಗಳನ್ನು ಗುರುತಿಸಬಲ್ಲುದು. ನಾಲ್ಕನೆಯದಾಗಿ, ಇಂತಹ ರೋಗಿಗಳು ಸಾಮಾನ್ಯವಾಗಿ ಕಿರಿಯ ವಯಸ್ಸಿನವರು. ಇತರ ಕಾಯಿಲೆಗಳೂ ಅವರಿಗೆ ಕಡಮೆ.

ಆದರೆ ಈ ಭಾಗ್ಯವನ್ನು ಕೈಯಾರೆ ಕಳೆದುಕೊಳ್ಳಬಹುದು. ಅದೇ ಅಧ್ಯಯನದಲ್ಲಿ ವೈರಸ್ಸು, ಧೂಮಪಾನ, ಕುತ್ತಿಗೆಯ ಗ್ರಂಥಿಗಳು, ಗಡ್ಡೆಯ ಗಾತ್ರ—ಇವನ್ನೆಲ್ಲ ಸೇರಿಸಿ ರೋಗಿಗಳನ್ನು ಮೂರು ವರ್ಗಗಳಾಗಿ ಮಾಡಿದರು. ಮೂರು ವರ್ಷಗಳ ಬಳಿಕ ಬದುಕಿದ್ದವರ ಪ್ರಮಾಣ ಮೊದಲ ವರ್ಗದಲ್ಲಿ ನೂರಕ್ಕೆ ೯೩, ಎರಡನೆಯದರಲ್ಲಿ ೭೦.೮, ಮೂರನೆಯದರಲ್ಲಿ ೪೬.೨. ದಿನಕ್ಕೆ ೨೦ ಸಿಗರೇಟಿನಂತೆ ೧೦ ವರ್ಷ ಸೇದಿದುದಕ್ಕಿಂತ ಹೆಚ್ಚಿನ ಧೂಮಪಾನವಿದ್ದು, ಗ್ರಂಥಿಗಳಿಗೆ ರೋಗ ಹೆಚ್ಚಾಗಿ ಹಬ್ಬಿದ್ದರೆ, ವೈರಸ್ಸಿನ ರೋಗಿಯೂ ಮೊದಲ ವರ್ಗದಿಂದ ಎರಡನೆಯದಕ್ಕೆ ಇಳಿಯುತ್ತಿದ್ದನು.

ಈ ಜ್ಞಾನಕ್ಕೆ ೨೦೧೭ರಲ್ಲಿ ಅಧಿಕೃತ ಮುದ್ರೆ ಬಿದ್ದಿತು. ಕ್ಯಾನ್ಸರಿನ ಹಂತಗಳನ್ನು ಗೊತ್ತುಪಡಿಸುವ ಅಮೆರಿಕದ ಕೈಪಿಡಿಯ ಎಂಟನೆಯ ಆವೃತ್ತಿಯು ಪಿ-೧೬ ಕುರುಹುಳ್ಳ ಬಾಯ್ಗಂಟಲಿನ ಕ್ಯಾನ್ಸರಿಗೆ ಪ್ರತ್ಯೇಕವಾದ ಹಂತಗಳನ್ನು ಕೊಟ್ಟಿತು.

ಕುರುಹು ಯಾವಾಗ ಮೋಸಗೊಳಿಸುತ್ತದೆ?

ಹಾಗಾದರೆ ನಮ್ಮ ದೇಶದಲ್ಲಿ ಕೆನ್ನೆಯ ಅಥವಾ ವಸಡಿನ ಕ್ಯಾನ್ಸರಿನ ಎಲ್ಲ ರೋಗಿಗಳಿಗೂ ಪಿ-೧೬ ಪರೀಕ್ಷೆ ಮಾಡಿ, ಕುರುಹು ಸಿಕ್ಕಿದವರಿಗೆ ಧೈರ್ಯ ಹೇಳಬಹುದೆ? ಹೇಳಕೂಡದು. ಏಕೆಂಬುದನ್ನು ಒಂದು ಲೆಕ್ಕದಿಂದ ತೋರಿಸಬಹುದು. ಈ ಲೆಕ್ಕದ ಅಂಕಿಗಳು ತಿಳಿವಳಿಕೆಗಾಗಿ ಊಹಿಸಿಕೊಂಡವು.

ಒಂದು ಪರೀಕ್ಷೆ ವೈರಸ್ಸಿನ ಕ್ಯಾನ್ಸರನ್ನೆಲ್ಲ ತಪ್ಪದೆ ಹಿಡಿಯುತ್ತದೆ. ಆದರೆ ವೈರಸ್ಸಿಲ್ಲದ ನೂರು ಗಡ್ಡೆಗಳಲ್ಲಿ ೧೦ನ್ನು ತಪ್ಪಾಗಿ ವೈರಸ್ಸಿನದೆಂದು ಹೇಳುತ್ತದೆ ಎಂದುಕೊಳ್ಳೋಣ. ಸಾವಿರ ಮಂದಿಯಲ್ಲಿ ೭೦೦ ಮಂದಿಗೆ ವೈರಸ್ಸೇ ಕಾರಣವಾಗಿರುವೆಡೆಯಲ್ಲಿ ಈ ಪರೀಕ್ಷೆಯನ್ನು ಮಾಡಿದರೆ, ೭೦೦ ಸರಿಯಾದ ಉತ್ತರಗಳೊಂದಿಗೆ ಮಿಕ್ಕ ೩೦೦ರಲ್ಲಿ ೩೦ ತಪ್ಪು ಉತ್ತರಗಳು ಬರುತ್ತವೆ. ಕುರುಹಿದೆಯೆನಿಸಿಕೊಂಡ ೭೩೦ ಮಂದಿಯಲ್ಲಿ ತಪ್ಪಿದ್ದು ೩೦. ಅದೇ ಪರೀಕ್ಷೆಯನ್ನು ಸಾವಿರದಲ್ಲಿ ೩೦ ಮಂದಿಗೆ ಮಾತ್ರ ವೈರಸ್ಸು ಕಾರಣವಾಗಿರುವೆಡೆಯಲ್ಲಿ ಮಾಡಿದರೆ? ಸರಿಯಾದವು ೩೦, ಮಿಕ್ಕ ೯೭೦ರಲ್ಲಿ ತಪ್ಪಾದವು ೯೭. ಕುರುಹಿದೆಯೆನಿಸಿಕೊಂಡ ೧೨೭ ಮಂದಿಯಲ್ಲಿ ಮುಕ್ಕಾಲು ಪಾಲು ತಪ್ಪೇ! ಪರೀಕ್ಷೆ ಬದಲಾಗಲಿಲ್ಲ, ರಾಸಾಯನಿಕಗಳು ಬದಲಾಗಲಿಲ್ಲ. ಪರೀಕ್ಷಿಸಿದ ಜಾಗ ಬದಲಾಯಿತು, ಅಷ್ಟೆ.

ನಿಜವಾದ ಬಾಯಿಯ ಕ್ಯಾನ್ಸರಿನಲ್ಲಿ ವೈರಸ್ಸು ಕಾರಣವಾಗಿರುವುದು ಅಲ್ಪಸಂಖ್ಯೆಯ ರೋಗಿಗಳಲ್ಲಿ ಮಾತ್ರ. ಅಲ್ಲಿ ವೈರಸ್ಸಿನ ಸಹಾಯವಿಲ್ಲದೆ, ಬೇರೆ ಕಾರಣದಿಂದ ಆರ್.ಬಿ. ಕೆಟ್ಟಾಗಲೂ ಪಿ-೧೬ ಹೆಚ್ಚಬಹುದು. ಏರಿಯ ಮೇಲೆ ಗುಂಪು ಸೇರಿದೆಯೆಂದಮಾತ್ರಕ್ಕೆ ತೂಬನ್ನು ಒಡೆದವರು ಇಂಥವರೇ ಎಂದು ಹೇಳಲಾಗದು. ಆದುದರಿಂದಲೇ ಪಿ-೧೬ನ್ನು ಆಧರಿಸಿದ ಪ್ರತ್ಯೇಕ ಹಂತಗಳು ಬಾಯ್ಗಂಟಲಿಗೆ ಮಾತ್ರ ಇವೆ, ಬಾಯಿಗೆ ಇಲ್ಲ.

ವೈರಸ್ಸಿನ ಡಿ.ಎನ್.ಎ.ಯನ್ನೇ ಹುಡುಕಿದರೆ ಸಾಲದೆ? ಅದೂ ತಾನೇ ತಾನಾಗಿ ಸಾಲದು. ಮನೆಯಲ್ಲಿ ಸಿಕ್ಕಿದವರೆಲ್ಲ ಕಳ್ಳರಲ್ಲ. ಕೈಯಲ್ಲಿ ಕನ್ನದ ಹಾರೆ ಇದೆಯೆ ಎಂದು ನೋಡಬೇಕು. ವೈರಸ್ಸು ಸುಮ್ಮನೆ ಬಂದು ಕುಳಿತಿರಲೂಬಹುದು. ಅದರ ಇ-೬, ಇ-೭ ಜೀನುಗಳು ಕೆಲಸ ಮಾಡುತ್ತಿವೆಯೆಂಬುದಕ್ಕೆ ಸಾಕ್ಷಿಯಾದ ಆರ್.ಎನ್.ಎ. ದೊರೆತರೆ ಆರೋಪ ಗಟ್ಟಿಯಾಗುತ್ತದೆ.

ಬಾಯ್ಗಂಟಲಿನಲ್ಲಿಯೂ ಎಚ್ಚರ ಬೇಕೆಂದು ೨೦೨೩ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನವೊಂದು ತೋರಿಸಿತು. ೭,೬೫೪ ರೋಗಿಗಳಲ್ಲಿ ಪಿ-೧೬ ಮತ್ತು ವೈರಸ್ಸು ಎರಡನ್ನೂ ಪರೀಕ್ಷಿಸಿದಾಗ, ನೂರಕ್ಕೆ ೯.೨ ಮಂದಿಯಲ್ಲಿ ಎರಡು ಪರೀಕ್ಷೆಗಳ ಉತ್ತರ ಒಂದಕ್ಕೊಂದು ಹೊಂದಲಿಲ್ಲ. ಎರಡೂ ಇದ್ದವರಲ್ಲಿ ಐದು ವರ್ಷಗಳ ಬಳಿಕ ಬದುಕಿದ್ದವರು ನೂರಕ್ಕೆ ೮೧.೧, ಎರಡೂ ಇಲ್ಲದವರಲ್ಲಿ ೪೦.೪. ಪಿ-೧೬ ಮಾತ್ರ ಇದ್ದು ವೈರಸ್ಸಿಲ್ಲದವರಲ್ಲಿ ೫೪.೭, ವೈರಸ್ಸಿದ್ದು ಪಿ-೧೬ ಇಲ್ಲದವರಲ್ಲಿ ೫೩.೨. ಒಂದೇ ಕುರುಹನ್ನು ನಂಬಿ, ೫೪ರ ಗುಂಪಿಗೆ ಸೇರಿದ ರೋಗಿಗೆ ೮೧ರ ಭರವಸೆಯನ್ನು ಕೊಡುವುದು ಎಂತಹ ಪ್ರಮಾದವೆಂದು ವಾಚಕರೇ ಊಹಿಸಬಹುದು.

ಮುಂದಿನದನ್ನು ಹೇಳುವ ಕುರುಹು, ದಾರಿ ತೋರುವ ಕುರುಹು

ಈಗ ಮೂರನೆಯ ಪ್ರಶ್ನೆಗೆ ಬರೋಣ. ವೈರಸ್ಸಿನ ಕ್ಯಾನ್ಸರು ಚಿಕಿತ್ಸೆಗೆ ಸುಲಭವಾಗಿ ಬಗ್ಗುವುದಾದರೆ, ಅಂತಹ ರೋಗಿಗಳಿಗೆ ಸೌಮ್ಯವಾದ ಚಿಕಿತ್ಸೆ ಸಾಕಲ್ಲವೆ? ಈ ವಿಚಾರ ಮಾನವೀಯವಾದುದು. ವಿಕಿರಣದೊಂದಿಗೆ ಕೊಡುವ ಸಿಸ್‌ಪ್ಲಾಟಿನ್ ಎಂಬ ಔಷಧವು ಕಿವಿಯನ್ನೂ ಮೂತ್ರಪಿಂಡಗಳನ್ನೂ ಬಾಧಿಸಬಲ್ಲುದು. ವಿಕಿರಣದಿಂದ ಬಾಯಿ ಒಣಗಿ, ನುಂಗುವುದೂ ಕಷ್ಟವಾಗಬಹುದು. ಗುಣವಾಗಿ ಹಲವು ದಶಕಗಳ ಕಾಲ ಬದುಕಲಿರುವ ರೋಗಿ ಈ ತೊಂದರೆಗಳನ್ನೂ ಅಷ್ಟೇ ಕಾಲ ಹೊರಬೇಕು. ಸಿಸ್‌ಪ್ಲಾಟಿನ್ ಬದಲು ಸೆಟುಕ್ಸಿಮಾಬ್ ಎಂಬ ಪ್ರತಿಕಾಯವನ್ನು ಕೊಟ್ಟರೆ ಬಾಧೆ ಕಡಮೆಯಾಗಿ, ಗುಣ ಅಷ್ಟೇ ಉಳಿಯಬಹುದೆಂದು ವೈದ್ಯರು ಆಶಿಸಿದರು.

ಆಶೆಯನ್ನು ಒರೆಗೆ ಹಚ್ಚಿದ ಎರಡು ದೊಡ್ಡ ಪ್ರಯೋಗಗಳ ಫಲಿತಾಂಶ ೨೦೧೮ರ ಕೊನೆಯಲ್ಲಿ ಹೊರಬಂದಿತು. ಯುರೋಪಿನಲ್ಲಿ ೩೩೪ ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ, ಎರಡು ವರ್ಷಗಳ ಬಳಿಕ ಸಿಸ್‌ಪ್ಲಾಟಿನ್ ಪಡೆದವರಲ್ಲಿ ನೂರಕ್ಕೆ ೯೭.೫ ಮಂದಿ ಬದುಕಿದ್ದರೆ, ಸೆಟುಕ್ಸಿಮಾಬ್ ಪಡೆದವರಲ್ಲಿ ೮೯.೪ ಮಂದಿ ಬದುಕಿದ್ದರು. ಉತ್ತರ ಅಮೆರಿಕದ ಪ್ರಯೋಗದಲ್ಲಿ ಐದು ವರ್ಷಗಳ ಅಂಕಿಗಳು ೮೪.೬ ಮತ್ತು ೭೭.೯. ಸೌಮ್ಯವೆಂದು ಎಣಿಸಿದ ಚಿಕಿತ್ಸೆಯಿಂದ ಒಟ್ಟು ಬಾಧೆಯೂ ಗಣನೀಯವಾಗಿ ಕಡಮೆಯಾಗಲಿಲ್ಲ. ಪ್ರಾಣನಷ್ಟ ಮಾತ್ರ ಹೆಚ್ಚಾಯಿತು.

ಈ ಪ್ರಯೋಗಗಳು ಕಲಿಸಿದ ಪಾಠ ದೊಡ್ಡದು. ರೋಗಿಯ ಮುಂದಿನ ಸ್ಥಿತಿಯನ್ನು ಹೇಳುವ ಕುರುಹು ಬೇರೆ. ಯಾವ ಚಿಕಿತ್ಸೆ ಕೊಡಬೇಕೆಂದು ದಾರಿ ತೋರುವ ಕುರುಹು ಬೇರೆ. ಮೋಡವನ್ನು ನೋಡಿ ಮಳೆ ಕಡಮೆಯೆಂದು ಹೇಳಬಲ್ಲವನು, ಹೊಲದಲ್ಲಿ ಯಾವ ಬೀಜವನ್ನು ಬಿತ್ತಬೇಕೆಂಬುದನ್ನೂ ಬಲ್ಲವನೆಂದು ಭಾವಿಸಬಾರದು. ಎಂಬತ್ತು ಮಂದಿ ಬದುಕಿದ್ದು ಅವರ ರೋಗ ಸೌಮ್ಯವಾದುದರಿಂದ ಮಾತ್ರವಲ್ಲ, ಪೂರ್ಣ ಚಿಕಿತ್ಸೆ ಸಿಕ್ಕಿದುದರಿಂದಲೂ ಹೌದು. ಚಿಕಿತ್ಸೆಯನ್ನು ಹಗುರಗೊಳಿಸುವ ಬೇರೆ ಮಾರ್ಗಗಳ ಶೋಧನೆ ನಡೆದೇ ಇದೆ. ಆದರೆ ಅಂತಹ ಪ್ರತಿಯೊಂದು ಮಾರ್ಗವೂ ಮೊದಲು ಕಟ್ಟುನಿಟ್ಟಾದ ಪ್ರಯೋಗದಲ್ಲಿ ಗೆಲ್ಲಬೇಕು.

ನಮಗೆ ಬೇಕಾದ ಕುರುಹುಗಳು

ಹೀಗೆಂದಮೇಲೆ ನಮ್ಮ ಕೆನ್ನೆ ಮತ್ತು ವಸಡುಗಳ ಕ್ಯಾನ್ಸರಿನಲ್ಲಿ ರೋಗಿಯ ಬದುಕನ್ನು ನಿರ್ಧರಿಸುವ ಸೂಚಕಗಳು ಯಾವುವು? ಅವು ಪಿ-೧೬ರಷ್ಟು ನೂತನವಲ್ಲ. ಬೆಲೆಯಲ್ಲಿ ಮಾತ್ರ ಕಡಮೆಯಿಲ್ಲ. ಗಡ್ಡೆ ಎಷ್ಟು ಮಿಲಿಮೀಟರು ಆಳಕ್ಕೆ ಇಳಿದಿದೆ? ಕುತ್ತಿಗೆಯ ದುಗ್ಧರಸ ಗ್ರಂಥಿಗಳನ್ನು ಮುಟ್ಟಿದೆಯೆ? ಕತ್ತರಿಸಿ ತೆಗೆದ ಅಂಚಿನಲ್ಲಿ ಕ್ಯಾನ್ಸರಿನ ಕೋಶಗಳು ಉಳಿದಿವೆಯೆ? ೨೦೧೭ರ ಕೈಪಿಡಿಯು ಬಾಯಿಯ ಕ್ಯಾನ್ಸರಿನ ಹಂತವನ್ನು ಗೊತ್ತುಪಡಿಸಲು ಗಡ್ಡೆಯ ಅಗಲದೊಡನೆ ಆಳವನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು.

ಗ್ರಂಥಿಗಳ ಪ್ರಾಮುಖ್ಯವನ್ನು ಜಗತ್ತಿಗೆ ತೋರಿಸಿಕೊಟ್ಟ ಕೀರ್ತಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯದು. ಬಾಯಿಯಲ್ಲಿ ಚಿಕ್ಕ ಗಡ್ಡೆಯಿದ್ದು ಕುತ್ತಿಗೆಯಲ್ಲಿ ಏನೂ ಕಾಣದಿರುವಾಗ, ಗ್ರಂಥಿಗಳನ್ನು ಮೊದಲೇ ತೆಗೆ­ಯಬೇಕೆ, ಇಲ್ಲವೆ ಗಂಟು ಕಾಣಿಸಿಕೊಂಡ ಮೇಲೆ ತೆಗೆದರೆ ಸಾಕೆ ಎಂಬುದು ಬಹುಕಾಲದ ವಾದ. ಅನಿಲ್ ಡಿಕ್ರೂಜ್ ಮತ್ತು ಸಹೋದ್ಯೋಗಿಗಳು ೫೦೦ ರೋಗಿಗಳನ್ನು ಹೋಲಿಸಿ ೨೦೧೫ರಲ್ಲಿ ಉತ್ತರ ಕೊಟ್ಟರು. ಮೊದಲೇ ತೆಗೆದವರಲ್ಲಿ ಮೂರು ವರ್ಷಗಳ ಬಳಿಕ ಬದುಕಿದ್ದವರು ನೂರಕ್ಕೆ ೮೦. ಕಾದು ನೋಡಿದವರಲ್ಲಿ ೬೭.೫. ಕಾಣದ ರೋಗ ಆಗಲೇ ಗ್ರಂಥಿಗಳಲ್ಲಿ ಅಡಗಿರುತ್ತದೆಂಬುದೇ ಇದರ ಅರ್ಥ.

ಇದಕ್ಕಿಂತಲೂ ಸರಳವಾದ ಉಪಾಯವೊಂದನ್ನು ಕೇರಳದಲ್ಲಿ ಪರೀಕ್ಷಿಸಿದರು. ತಿರುವನಂತಪುರ ಜಿಲ್ಲೆಯ ೧೩ ಪಂಚಾಯಿತಿಗಳಲ್ಲಿ ೧೯೯೬ರಲ್ಲಿ ಆರಂಭವಾದ ಈ ಕಾರ್ಯದಲ್ಲಿ, ಕೆಲವು ಪಂಚಾಯಿತಿಗಳ ಮನೆಮನೆಗೆ ತರಬೇತಾದ ಕಾರ್ಯಕರ್ತರು ಹೋಗಿ, ಬೆಳಕು ಹಿಡಿದು ಬಾಯಿ ನೋಡಿದರು. ಮಿಕ್ಕವುಗಳಲ್ಲಿ ಎಂದಿನ ವ್ಯವಸ್ಥೆಯೇ ನಡೆಯಿತು. ಹೊಗೆಸೊಪ್ಪು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ, ಹೀಗೆ ನೋಡಿದೆಡೆಗಳಲ್ಲಿ ಬಾಯಿಯ ಕ್ಯಾನ್ಸರಿನಿಂದಾದ ಸಾವುಗಳು ನೂರಕ್ಕೆ ೩೪ರಷ್ಟು ಕಡಮೆಯಾದುವೆಂದು ೨೦೦೫ರಲ್ಲಿ ಪ್ರಕಟವಾಯಿತು. ಕಣ್ಣು, ಬೆಳಕು, ತಿಳಿವಳಿಕೆ—ಇಷ್ಟೇ ಅಲ್ಲಿ ಬಳಸಿದ ಉಪಕರಣಗಳು.

ಎರಡು ವೈರಿಗಳಿಗೆ ಎರಡು ಬಗೆಯ ತಡೆಗಳು ಬೇಕು. ವೈರಸ್ಸಿಗೆ ಲಸಿಕೆಯುಂಟು, ಸೋಂಕು ತಗಲುವ ಮೊದಲೇ, ಎಂದರೆ ಎಳೆಯ ವಯಸ್ಸಿನಲ್ಲಿಯೇ, ಅದನ್ನು ಹಾಕಿಸಬೇಕು. ೨೦೦೬ರಲ್ಲಿ ಗರ್ಭಕೋಶದ ಕೊರಳಿನ ಕ್ಯಾನ್ಸರನ್ನು ತಡೆಯಲೆಂದು ಬಳಕೆಗೆ ಬಂದ ಈ ಲಸಿಕೆಯನ್ನು ಬಾಯ್ಗಂಟಲಿನ ಕ್ಯಾನ್ಸರಿನ ತಡೆಗೂ ಬಳಸಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ೨೦೨೦ರಲ್ಲಿ ಒಪ್ಪಿತು. ಭಾರತದಲ್ಲಿಯೇ ತಯಾರಾದ ಲಸಿಕೆಗೆ ೨೦೨೨ರಲ್ಲಿ ಅನುಮತಿ ದೊರೆಯಿತು. ಹೊಗೆಸೊಪ್ಪು ಮತ್ತು ಅಡಕೆಗಳಿಗಾದರೋ ಲಸಿಕೆಯಿಲ್ಲ. ಬಾಯಿಗೆ ಹಾಕದಿರುವುದೇ ಅವಕ್ಕೆ ತಡೆ. ಈ ತಡೆಗೆ ಹಣ ಬೇಡ, ವೈದ್ಯರೂ ಬೇಡ. ಆದರೂ ಜನರಿಗೆ ಇದು ಎಲ್ಲಕ್ಕಿಂತ ಕಷ್ಟವಾಗಿದೆ.

ಶಾಲೆಯಲ್ಲಿಯೂ ಕಾಲೇಜಿನಲ್ಲಿಯೂ ಓದುತ್ತಿರುವವರು ತಮ್ಮ ಮನೆಯ ಹಿರಿಯರಿಗೆ ನಾಲ್ಕು ಕುರುಹುಗಳನ್ನು ತಿಳಿಸಿಕೊಡಬಹುದು: ಮೂರು ವಾರ ಕಳೆದರೂ ಮಾಯದ ಹುಣ್ಣು, ಒರೆಸಿದರೂ ಹೋಗದ ಬಿಳಿಯ ಅಥವಾ ಕೆಂಪು ಮಚ್ಚೆ, ದಿನೇದಿನೇ ಕಿರಿದಾಗುತ್ತಿರುವ ಬಾಯ ತೆರಪು, ಕುತ್ತಿಗೆಯಲ್ಲಿ ನೋವಿಲ್ಲದೆ ಬೆಳೆಯುವ ಗಂಟು. ಇವುಗಳಲ್ಲಿ ಯಾವುದನ್ನು ಕಂಡರೂ ವೈದ್ಯರಲ್ಲಿಗೆ ಹೋಗುವುದನ್ನು ಮುಂದೂಡಬಾರದು. ಪಿ-೧೬ರ ಕುರುಹನ್ನು ಓದಲು ಪ್ರಯೋಗಶಾಲೆ ಬೇಕು. ಈ ನಾಲ್ಕನ್ನು ಓದಲು ಕನ್ನಡಿಯೂ ಬೆರಳ ತುದಿಯೂ ಸಾಕು.